ಗುಡುಗಿಗೆ ಅಂಜುವ ನಾಯಿಗೆ ಮಾಲೀಶ್: ಕೈ ಎಲ್ಲಿಡಬೇಕು, ಯಾವಾಗ ತೆಗೆಯಬೇಕು

ಪ್ರಶ್ನೆ: ನಮ್ಮದು ಬೀದರ್. ಮನ್ಯಾಗ ಮೋತಿ ಅಂತ ನಾಲ್ಕು ವರ್ಷದ ಊರನಾಯಿ ಅದ, ಮರಿ ಇದ್ದಾಗಿಂದ ನಾವೇ ಸಾಕೀವಿ. ಗುಡುಗು, ದೀಪಾವಳಿ ಪಟಾಕಿ, ಮದುವಿ ಮೆರವಣಿಗಿ ಡಿಜೆ, ಇಲ್ಲಿ ಹಾರೋ ವಿಮಾನದ ಸಪ್ಪಳ, ಯಾವ್ದು ಬಂದ್ರೂ ಪಲಂಗದ ಕೆಳಗ ಹೊಕ್ಕು ನಡುಗ್ತದ, ತೇಕ್ತದ, ಎರಡು ತಾಸು ಹೊರಗೇ ಬರಂಗಿಲ್ಲ. ಮಾಲೀಶ್ ಮಾಡಿದ್ರ ಅಂಜಿಕಿ ಇಳೀತದ ಅಂತ ಕೇಳಿದೆ. ಹೋದ ಮಳಿಗಾಲದಾಗ ಗುಡುಗೋ ಮುಂದ ಹೊರಗ ಎಳಕೊಂಡು ಕುಸುಬಿ ಎಣ್ಣಿ ಹಚ್ಚಿ ತಿಕ್ಕಿದೆ; ಗುರ್ ಅಂದು ಹಲ್ಲು ತೋರಸ್ತು. ತಪ್ಪು ಎಲ್ಲಾತು? ಸರಿಯಾಗಿ ಹ್ಯಾಂಗ ಮಾಡಬೇಕು? ಅಂಜಿದಾಗ ಮುದ್ದು ಮಾಡಿದ್ರ ಅಂಜಿಕಿ ಇನ್ನಾ ಹೆಚ್ಚಾಗ್ತದ ಅಂತಾರ, ಖರೇನ? ಹತ್ತು ವರ್ಷದ ಮಗಳು ತಾನೂ ಮಾಡ್ತೀನಿ ಅಂತಾಳ, ಬಿಡಬಹುದಾ?

ಉತ್ತರ: ಮೋತಿ ಹಲ್ಲು ತೋರಿಸಿದ್ದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. 'ಈಗ ಬೇಡ, ಬಿಡು' ಎಂದು ಹೇಳಲು ಅದಕ್ಕೆ ಉಳಿದಿದ್ದ ಕೊನೆಯ ಮಾತು ಅದು. ಅದಕ್ಕೂ ಮೊದಲು ಮುಖ ತಿರುಗಿಸಿರುತ್ತದೆ, ತುಟಿ ನೆಕ್ಕಿಕೊಂಡಿರುತ್ತದೆ, ಮೈ ಬಿಗಿ ಹಿಡಿದಿರುತ್ತದೆ. ಮಳೆಯ ಗಡಿಬಿಡಿಯಲ್ಲಿ ಅವು ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಗುರುಗುಟ್ಟಿದ್ದಕ್ಕೆ ಯಾವತ್ತೂ ಬೈಯಬೇಡಿ, ಹೊಡೆಯಬೇಡಿ. ಬೈಗುಳಕ್ಕೆ ಅಂಜಿ ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದಿನ ಸಲ ಮುನ್ಸೂಚನೆ ಕೊಡದೆ ಕಚ್ಚುತ್ತದೆ.

ಮುದ್ದು ಮಾಡಿದರೆ ಅಂಜಿಕೆ ಹೆಚ್ಚುತ್ತದೆ ಎನ್ನುವುದು ಖರೆ ಅಲ್ಲ. ತಿಂಡಿ ಕೊಟ್ಟು ನಾಯಿಗೆ ಕುಳಿತುಕೊಳ್ಳುವುದನ್ನು ಕಲಿಸಬಹುದು, ಏಕೆಂದರೆ ಕೂರುವುದು ಏಳುವುದು ಅದರ ಕೈಯಲ್ಲಿದೆ. ನಡುಕ ಅದರ ಕೈಯಲ್ಲಿಲ್ಲ. ಎದೆ ಹೊಡೆದುಕೊಳ್ಳುವಾಗ ಬೆನ್ನ ಮೇಲೆ ಒಬ್ಬರು ಕೈಯಿಟ್ಟರು ಎಂಬ ಆಸೆಗೆ ಯಾವ ಪ್ರಾಣಿಯೂ ನಾಳೆ ಇನ್ನಷ್ಟು ಹೆದರುವುದಿಲ್ಲ. ಅಂಜಿಕೆ ಹೆಚ್ಚಿಸುವುದು ಬೇರೆ ಸಂಗತಿಗಳು: ಗಾಬರಿಯಲ್ಲಿ ಬಿಗಿಯಾಗಿ ಅಪ್ಪಿಕೊಳ್ಳುವುದು, ಅಡಗಿದ ಜಾಗದಿಂದ ಎಳೆಯುವುದು, ಮನೆಮಂದಿಯೆಲ್ಲ ಸುತ್ತ ನಿಂತು 'ಏನಾಯ್ತೋ' ಎಂದು ಗದ್ದಲ ಮಾಡುವುದು.

ಇನ್ನು ತಪ್ಪು ಎಲ್ಲಾಯಿತು ಎಂಬುದು. ಮಾಲೀಶನ್ನು ನಾಯಿಗೆ ಮೊದಲ ಬಾರಿ ಪರಿಚಯಿಸಿದ್ದೇ ಗುಡುಗಿನ ಹೊತ್ತಿನಲ್ಲಿ. ಹೆದರಿಕೆ ನೆತ್ತಿಗೇರಿದಾಗ ನಾಯಿಯ ಮೆದುಳು ಹೊಸದನ್ನು ಒಳ್ಳೆಯದೆಂದು ಕಲಿಯುವುದಿಲ್ಲ. ಓಡಲು, ಅಡಗಲು, ಕಚ್ಚಲು ಮಾತ್ರ ತಯಾರಿರುತ್ತದೆ. ಮಾಲೀಶ್ ಕೆಲಸ ಮಾಡುವುದು ನಿಮ್ಮ ಕೈಯ ಆ ನಿಧಾನದ ಚಲನೆಗೂ ನೆಮ್ಮದಿಗೂ ನಾಯಿಯ ಮನಸ್ಸಿನಲ್ಲಿ ಗಂಟು ಬಿದ್ದ ಮೇಲೆ. ಆ ಗಂಟು ಬೀಳುವುದು ಸಪ್ಪಳವಿಲ್ಲದ ದಿನಗಳಲ್ಲಿ, ದಿನಕ್ಕೆ ಮೂರರಿಂದ ಹತ್ತು ನಿಮಿಷದಂತೆ, ಮೂರು-ನಾಲ್ಕು ವಾರಗಳಲ್ಲಿ. ಆದ್ದರಿಂದ ಮುಂದೆ ಹೇಳುವ ಹೆಚ್ಚಿನ ಪಾಲು ಗುಡುಗಿನ ದಿನಕ್ಕಲ್ಲ, ಇವತ್ತಿನಂಥ ಸಾಧಾರಣ ಸಂಜೆಗೆ.

ಎಣ್ಣೆ ಪೂರ್ತಿ ಬಿಡಿ. ಕುಸುಬಿ, ಕೊಬ್ಬರಿ, ಎಳ್ಳು ಯಾವುದೂ ಬೇಡ. ಕೂದಲಿರುವ ಚರ್ಮಕ್ಕೆ ಎಣ್ಣೆ ಜಾರುಬಂಡಿಯಾಗುತ್ತದೆ, ಕೈಗೆ ಸ್ನಾಯುವಿನ ಬಿಗಿ ತಿಳಿಯುವುದಿಲ್ಲ. ನಾಯಿ ಅದನ್ನು ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ, ಧೂಳು ಮೆತ್ತಿ ಚರ್ಮ ಕೆರೆಯುತ್ತದೆ. ನೋವಿನ ಬಾಮು, ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಹಚ್ಚಿದರಂತೂ ವಿಷವೇರುವ ಅಪಾಯವಿದೆ. ಒಣ ಕೈ ಸಾಕು.

ಕೈಯಾಡಿಸಿದರೆ ಅಂಜಿಕೆ ಏಕೆ ಇಳಿಯಬೇಕು? ನಿಧಾನವಾಗಿ, ಒಂದೇ ಲಯದಲ್ಲಿ, ಅಂಗೈ ತುಂಬ ತಾಗಿಸಿ ಸವರಿದಾಗ ಚರ್ಮದ ಸ್ಪರ್ಶನರಗಳ ಸಂದೇಶ ಮೈಯನ್ನು ವಿಶ್ರಾಂತಿಯ ಕಡೆಗೆ ಎಳೆಯುತ್ತದೆ; ಹೃದಯದ ಬಡಿತ, ಉಸಿರು ಇಳಿಯುತ್ತವೆ. ರಕ್ತ ತೆಗೆಯುವ ಹೊತ್ತಿನಲ್ಲಿ ಮೆಲ್ಲಗೆ ಮೈಸವರಿದ ನಾಯಿಗಳಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರಿಕೆ ಕಡಿಮೆಯಾದದ್ದನ್ನು 1990ರ ದಶಕದಲ್ಲಿ ಅಮೆರಿಕದ ಆಶ್ರಯತಾಣವೊಂದರ ನಾಯಿಗಳಲ್ಲಿ ದಾಖಲಿಸಿದ್ದಾರೆ. ಅದೇ ಕೈ ಚುರುಕಾಗಿ ಉಜ್ಜಿದರೆ, ಪಟಪಟ ತಟ್ಟಿದರೆ ನಾಯಿ ಆಟಕ್ಕೆ ಏಳುತ್ತದೆ, ಇಲ್ಲವೇ ಬೆದರುತ್ತದೆ. ಇಲ್ಲಿ ವೇಗವೇ ಎಲ್ಲ. ಇಷ್ಟಾದರೂ ಪಟಾಕಿಯ ಅಂಜಿಕೆಯನ್ನು ಮಾಲೀಶ್ ಒಂದೇ ಬುಡಸಮೇತ ಕೀಳುತ್ತದೆ ಎಂದು ನಂಬಿ ಕೂರಬೇಡಿ. ಜೊತೆಗೆ ಬೇಕಾದದ್ದನ್ನು ಮುಂದೆ ಹೇಳುತ್ತೇವೆ.

ಶುರು ಮಾಡುವ ಮುನ್ನ

ಮೋತಿಯನ್ನು ಒಮ್ಮೆ ಪಶುವೈದ್ಯರಿಗೆ ತೋರಿಸಿ. ಶಾಸ್ತ್ರಕ್ಕೆಂದು ಹೇಳುತ್ತಿರುವ ಮಾತಲ್ಲ ಇದು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ತಜ್ಞರೂ ಸೇರಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಪ್ಪಳಕ್ಕೆ ಅಂಜುವ 20 ನಾಯಿಗಳನ್ನು ನೋಡಿದರು: 10 ನಾಯಿಗಳಿಗೆ ಸ್ನಾಯು ಅಥವಾ ಕೀಲುನೋವು ಇತ್ತು, 10ಕ್ಕೆ ಇರಲಿಲ್ಲ. ನೋವಿದ್ದವಕ್ಕೆ ಅಂಜಿಕೆ ಶುರುವಾದ ವಯಸ್ಸು ಸರಾಸರಿ ನಾಲ್ಕು ವರ್ಷ ತಡ. ಸಪ್ಪಳಕ್ಕೆ ಬೆಚ್ಚಿ ಮೈ ಸೆಟೆದಾಗ ನೋಯುವ ಸೊಂಟ ಚುಚ್ಚುತ್ತದೆ; ನಾಯಿ ಆ ನೋವನ್ನು ಸಪ್ಪಳದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಮೋತಿ ಮರಿಯಿದ್ದಾಗಿಂದಲೂ ಅಂಜುತ್ತಿದ್ದರೆ ಒಂದು ಮಾತು; ಮೊದಲೆಲ್ಲ ಚೆನ್ನಾಗಿದ್ದು ಈ ವರ್ಷ ಶುರುವಾಗಿದ್ದರೆ ಸೊಂಟ, ಮೊಣಕಾಲು, ಕಿವಿ, ಹಲ್ಲು ಇವನ್ನು ಪರೀಕ್ಷಿಸಿಯೇ ತೀರಬೇಕು. ನೋವಿಗೆ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಯ ಜೀವಕ್ಕೆ ಬರುತ್ತದೆ. ಬೀದರಿನಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಸಲಹೆಗೆ ದೂರದ ಊರು ಹುಡುಕುವ ಕಷ್ಟ ನಿಮಗಿಲ್ಲ.

ಜ್ವರ, ಗಾಯ, ಚರ್ಮದ ಹುಣ್ಣು, ಹೊಸ ಗಂಟು, ಕುಂಟು ಇದ್ದ ದಿನ ಮಾಲೀಶ್ ಬೇಡ. ಊಟವಾಗಿ ಎರಡು ತಾಸು ಕಳೆದಿರಲಿ. ಉಣ್ಣೆಯ (ರಕ್ತ ಹೀರುವ ಹುಳದ) ಔಷಧಿಯನ್ನು ಕುತ್ತಿಗೆಯ ಮೇಲೆ ಹನಿ ಹಾಕಿಸಿದ್ದರೆ ಎರಡು ದಿನ ಆ ಜಾಗ ಮುಟ್ಟಬೇಡಿ. ಗಬ್ಬದ ನಾಯಿಗೆ ವೈದ್ಯರನ್ನು ಕೇಳದೆ ಮಾಡಬೇಡಿ.

ನಮ್ಮ ಭಾಗಕ್ಕೆ ಮುಖ್ಯವಾದ ಇನ್ನೊಂದು ಸಂಗತಿ ಬಿಸಿಲು. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ಪಾರು. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಮದುವೆಗಳ ಮೆರವಣಿಗೆಗೂ ಅದೇ ಕಾಲ. ತೇಕುವ ನಾಯಿ ಅಂಜಿ ತೇಕುತ್ತಿದೆಯೋ ಬಿಸಿಲಿಗೆ ತೇಕುತ್ತಿದೆಯೋ ಎಂದು ಬೇರ್ಪಡಿಸುವುದು ನಿಮಗೆ ಬರಲೇಬೇಕು. ಅಂಜಿದ ನಾಯಿಯ ತುಟಿಯ ಮೂಲೆ ಹಿಂದಕ್ಕೆ ಬಿಗಿದಿರುತ್ತದೆ, ಹಣೆ ಸುಕ್ಕಾಗಿರುತ್ತದೆ, ಕಿವಿ ತಲೆಗೆ ಅಂಟಿರುತ್ತವೆ, ಬಾಲ ಕಾಲ ನಡುವೆ ಇರುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಒಂದೆಡೆ ನಿಲ್ಲದು, ಇಷ್ಟದ ತಿಂಡಿ ಹಿಡಿದರೂ ಮೂಸದು. ಬಿಸಿಲು ಹೊಡೆದ ನಾಯಿಯ ನಾಲಿಗೆ ತುದಿಯಲ್ಲಿ ಅಗಲವಾಗಿ ಜೋತುಬಿದ್ದಿರುತ್ತದೆ, ಒಸಡು ಕಡುಕೆಂಪು, ಜೊಲ್ಲು ಅಂಟಂಟು, ತಣ್ಣನೆಯ ಫರ್ಸಿ ಹುಡುಕಿ ಹೊಟ್ಟೆ ಚೆಲ್ಲಿ ಮಲಗುತ್ತದೆ, ಎಬ್ಬಿಸಿದರೆ ತೂರಾಡುತ್ತದೆ. ನಾಯಿಯ ಸಹಜ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿ 104 ದಾಟಿದರೆ ಮಾಲೀಶಿನ ಯೋಚನೆ ಬಿಟ್ಟು ಮೈಮೇಲೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ ವೈದ್ಯರ ಬಳಿ ಓಡಿ. ಒದ್ದೆ ಗೋಣಿ, ಟವೆಲ್ ಹೊದಿಸಿ ಬಿಡಬೇಡಿ. ಅದು ಮೈಶಾಖವನ್ನು ಒಳಗೇ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಮಾಲೀಶಿಗೆ ಬೆಳಗಿನ ಆರೂವರೆ ಅಥವಾ ರಾತ್ರಿ ಎಂಟರ ನಂತರದ ಹೊತ್ತು ಸರಿ.

ಒಂದು ಹಳೆಯ ಕೌದಿ ಮೋತಿಗೆಂದೇ ತೆಗೆದಿಡಿ. ನಮ್ಮ ಮನೆಗಳ ಶಹಾಬಾದ್ ಫರ್ಸಿಯ ಮೇಲೆ ನಾಯಿಯ ಕಾಲು ಜಾರುತ್ತದೆ, ಜಾರುವ ನಾಯಿ ಸ್ನಾಯು ಸಡಿಲ ಬಿಡುವುದಿಲ್ಲ. ಕೌದಿ ಮೆತ್ತಗೂ ಇರುತ್ತದೆ, ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಾಲೀಶ್ ಹೊತ್ತಿಗೆ ಮಾತ್ರ ಹಾಸಿ, ಮುಗಿದ ಮೇಲೆ ಮಡಚಿಡಿ. ಎರಡು-ಮೂರು ವಾರಕ್ಕೆ ಕೌದಿ ಬಿಚ್ಚಿದ ಕೂಡಲೇ ಮೋತಿ ಬಂದು ಮಲಗಬೇಕು. ಹಾಗೆ ಬಂದರೆ ಕೆಲಸ ಅರ್ಧ ಆದಂತೆ. ಪರಿಮಳದ ಪುಡಿ ಹಾಕಿ ಒಗೆಯಬೇಡಿ; ಬಿಸಿಲಿಗೆ ಹಾಕಿ ಕೊಡವಿದರೆ ಸಾಕು.

ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ, ನಾಯಿಯ ಪಟ್ಟಿ ಗೆಜ್ಜೆ ಬಿಚ್ಚಿ. ಸ್ವಲ್ಪ ಅಡ್ಡಾಡಿಸಿ, ಮೂತ್ರ ಮಾಡಿಸಿ, ಕಾಲು ಗಂಟೆ ಸುಮ್ಮನೆ ಬಿಡಿ. ನೀವು ಎದುರಿಗೆ ಕೂರಬೇಡಿ, ಮೇಲೆ ಬಾಗಬೇಡಿ. ಪಕ್ಕದಲ್ಲಿ, ಅದು ನೋಡುವ ದಿಕ್ಕಿಗೇ ಮುಖ ಮಾಡಿ ನೆಲದ ಮೇಲೆ ಕೂರಿ. ಬಾಗಿಲು ತೆರೆದಿರಲಿ. ಎದ್ದು ಹೋಗಬಹುದು ಎಂದು ಗೊತ್ತಿರುವ ನಾಯಿ ಹೆಚ್ಚು ಹೊತ್ತು ಕೂರುತ್ತದೆ.

ಕೇಳಿ ಮುಟ್ಟುವುದು

ಅಂಗೈಯನ್ನು ಕೆಳಗಿನಿಂದ ತಂದು ಎದೆಯ ಪಕ್ಕ ಅಥವಾ ಭುಜವನ್ನು ಮೂರು ಸೆಕೆಂಡು ಸವರಿ. ಕೈ ತೆಗೆದು ನಿಮ್ಮ ತೊಡೆಯ ಮೇಲಿಟ್ಟು ಮನಸ್ಸಿನಲ್ಲಿ ಐದು ಎಣಿಸಿ. ಮೋತಿ ಮೈ ವಾಲಿಸಿತೇ, ಮೂಗಿನಿಂದ ನಿಮ್ಮ ಕೈ ತಿವಿಯಿತೇ, ಮುಂಗಾಲು ನಿಮ್ಮ ಮೇಲಿಟ್ಟಿತೇ? ಹಾಗಾದರೆ ಮುಂದುವರಿಸಿ. ತುಟಿ ನೆಕ್ಕಿತು, ನಿದ್ದೆಯಿಲ್ಲದೆ ಆಕಳಿಸಿತು, ಮುಖ ಆಚೆ ತಿರುಗಿಸಿತು, ಮೈ ಕಲ್ಲಾಯಿತು, ಎದ್ದು ಮೈ ಕೊಡವಿತು ಎಂದರೆ ಇವತ್ತಿಗೆ ಬೇಡ ಎಂದರ್ಥ. ಬಲವಂತ ಮಾಡದೆ ಒಂದು ಚೂರು ಬೇಯಿಸಿದ ಮೊಟ್ಟೆ ಕೊಟ್ಟು ಕೌದಿ ಮಡಚಿ. ಅಲುಗಾಡದೆ ನಿಂತ ನಾಯಿ ಒಪ್ಪಿದೆ ಎಂದು ತಿಳಿಯುವುದೇ ಎಲ್ಲರೂ ಮಾಡುವ ದೊಡ್ಡ ತಪ್ಪು. ಒಪ್ಪಿದ ನಾಯಿ ಮೆತ್ತಗಾಗುತ್ತದೆ. ಅಂಜಿದ ನಾಯಿ ಬಿಗಿಯುತ್ತದೆ. ಎರಡೂ ಅಲುಗಾಡುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಬಾಯಿಯ ಮೂಲೆಯಲ್ಲಿ ಮತ್ತು ಉಸಿರಿನಲ್ಲಿ.

ಈ ಎಣಿಕೆಯನ್ನು ಮೊದಲ ಬಾರಿ ಮಾತ್ರ ಮಾಡಿ ಬಿಡಬೇಡಿ, ಪ್ರತಿ ಭಾಗ ಬದಲಾಯಿಸುವಾಗಲೂ ಕೈ ತೆಗೆದು ಮತ್ತೆ ಕೇಳಿ.

ಕೈ ಓಡುವ ಬಗೆ

ಮೊದಲು ಏನನ್ನೂ ಮಾಡದ ಕೈ. ಒಂದು ಅಂಗೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ, ಚಪ್ಪಟೆಯಾಗಿ, ಭಾರ ಬಿಡದೆ ಇಡಿ. ಅಲುಗಾಡಿಸಬೇಡಿ. ನಿಮ್ಮ ಉಸಿರನ್ನು ನಿಧಾನ ಮಾಡಿ ಹತ್ತು ಉಸಿರು ಎಣಿಸಿ. ಮೊದಲ ವಾರ ಇಷ್ಟೇ ಮಾಡಿದರೂ ನಡೆಯುತ್ತದೆ. ಸುಮ್ಮನಿರುವ ಕೈ ಅಂಜುಬುರುಕ ನಾಯಿಗೆ ಎಷ್ಟು ಅಪರೂಪ ಎಂದು ನಾವು ಯೋಚಿಸುವುದೇ ಇಲ್ಲ; ಮನುಷ್ಯರ ಕೈ ಅದಕ್ಕೆ ಯಾವಾಗಲೂ ಪಟ್ಟಿ ಹಾಕಲು, ಸ್ನಾನಕ್ಕೆ ಎಳೆಯಲು, ಸೂಜಿಗೆ ಹಿಡಿಯಲು ಬಂದಿರುತ್ತದೆ.

ಆಮೇಲೆ ಉದ್ದಕ್ಕೆ ನೀವುವುದು. ಬೆನ್ನೆಲುಬಿನ ಎರಡೂ ಪಕ್ಕ ಕುತ್ತಿಗೆಯಿಂದ ಸೊಂಟದವರೆಗೆ ಹಗ್ಗದಂತೆ ಸ್ನಾಯು ಓಡುತ್ತದೆ. ಎಲುಬಿನ ಮೇಲಲ್ಲ, ಆ ಹಗ್ಗದ ಮೇಲೆ ಅಂಗೈ ಇಟ್ಟು ಕೂದಲ ದಿಕ್ಕಿನಲ್ಲೇ ಜಾರಿಸಿ. ಮೋತಿಯಷ್ಟು ನಾಯಿಗೆ ಒಂದು ನೀವಿಗೆ ಐದಾರು ಸೆಕೆಂಡು ಹಿಡಿಯಬೇಕು. ಗಡಿಯಾರ ನೋಡಿ ಮಾಡಿದರೆ ನೀವು ಎಷ್ಟು ಅವಸರ ಮಾಡುತ್ತಿದ್ದೀರಿ ಎಂದು ನಿಮಗೇ ಅಚ್ಚರಿಯಾಗುತ್ತದೆ. ಒಂದು ಕೈ ಸೊಂಟ ಮುಟ್ಟುವ ಮೊದಲೇ ಇನ್ನೊಂದು ಕೈ ಕುತ್ತಿಗೆಯ ಬುಡದಲ್ಲಿ ಕೂತಿರಲಿ. ಎರಡೂ ಕೈ ಒಟ್ಟಿಗೆ ಎದ್ದು ಮತ್ತೆ ಧಪ್ಪನೆ ಬಿದ್ದರೆ ನಾಯಿ ಪ್ರತಿಸಲ ಬೆಚ್ಚುತ್ತದೆ. ಪಕ್ಕಕ್ಕೆ ಹತ್ತರಂತೆ ಸಾಕು.

ಒತ್ತಡ ಎಷ್ಟು? ಜೋಳದ ಹಿಟ್ಟು ನಾದುವ ಅಂಗೈ ಇಲ್ಲಿ ಬೇಡ. ನಿಮ್ಮ ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಬೆರಳಿಟ್ಟು ತೊಂದರೆಯಾಗದಷ್ಟು ಒತ್ತಿ ನೋಡಿ. ಅಷ್ಟೇ ಒತ್ತಡ ಮೊದಲಿಗೆ. ತೀರಾ ಹಗುರವಾದರೂ ತಪ್ಪು: ಕೂದಲ ತುದಿ ಮಾತ್ರ ತಾಗಿದರೆ ನೊಣ ಕೂತಂತಾಗಿ ಚರ್ಮ ಅದುರುತ್ತದೆ.

ಅಂಜುವ ನಾಯಿಗಳ ಬಿಗಿ ಕೂರುವ ಜಾಗಗಳು ನಾಲ್ಕು: ಕಿವಿಯ ಹಿಂದೆ ತಲೆಬುರುಡೆ ಕುತ್ತಿಗೆ ಸೇರುವಲ್ಲಿ, ಭುಜದ ಎಲುಬಿನ ಮುಂದೆ, ದವಡೆಯ ಹಿಂಭಾಗದಲ್ಲಿ, ಹಿಂದೊಡೆಯ ದಪ್ಪ ಮಾಂಸದಲ್ಲಿ. ಕುತ್ತಿಗೆ ಮತ್ತು ಭುಜಕ್ಕೆ ಸಣ್ಣ ಸುತ್ತು: ನಡುವಿನ ಮೂರು ಬೆರಳಿನ ತುದಿ ಚರ್ಮದ ಮೇಲಿಟ್ಟು, ಬೆರಳು ಕೂದಲ ಮೇಲೆ ಜಾರದಂತೆ, ಚರ್ಮವನ್ನೇ ಅದರಡಿಯ ಮಾಂಸದ ಮೇಲೆ ಒಂದೂಕಾಲು ಸುತ್ತು ತಿರುಗಿಸಿ. ಎರಡು ಸೆಕೆಂಡಿಗೆ ಒಂದು ಸುತ್ತು. ಬೆರಳೆತ್ತಿ ಒಂದಂಗುಲ ಮುಂದೆ ಹೋಗಿ. ಒಂದೇ ಜಾಗದಲ್ಲಿ ಹತ್ತು ಸಲ ತಿರುಗಿಸಬೇಡಿ, ಅದು ಕಿರಿಕಿರಿ. ಈ ಒಂದೂಕಾಲು ಸುತ್ತು ಲಿಂಡಾ ಟೆಲಿಂಗ್ಟನ್ ಜೋನ್ಸ್ ಅವರು ಮೊದಲು ಕುದುರೆಗಳಿಗೆಂದು ರೂಪಿಸಿದ ಟಿ-ಟಚ್ ವಿಧಾನದ್ದು. ಈಗ ನಾಯಿಗಳಿಗೂ ವ್ಯಾಪಕವಾಗಿ ಬಳಸುತ್ತಾರೆ. ದವಡೆಗೆ ಎರಡೇ ಬೆರಳು, ಅದೂ ನಾಯಿ ಮುಖ ಮುಟ್ಟಿಸಿಕೊಳ್ಳಲು ಒಪ್ಪಿದರೆ. ಬಿಗಿ ಬಿಟ್ಟರೆ ಕೆಳತುಟಿ ಜೋಲುತ್ತದೆ, ಕೆಲವು ನಾಯಿಗಳು ದೊಡ್ಡದಾಗಿ ನಿಟ್ಟುಸಿರು ಬಿಡುತ್ತವೆ.

ಕಿವಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಬಹಳಷ್ಟು ನಾಯಿಗಳು ಬೇಗ ಸಡಿಲಾಗುವುದು ಇಲ್ಲೇ. ಕಿವಿಯ ಬುಡವನ್ನು ಹೆಬ್ಬೆರಳು ಹೊರಗೆ, ತೋರುಬೆರಳು ಒಳಗೆ ಬರುವಂತೆ ಮೆಲ್ಲಗೆ ಹಿಡಿದು ಬುಡದಿಂದ ತುದಿಗೆ ಜಾರಿಸಿ. ಹಿಡಿತ ವೀಳ್ಯದೆಲೆಯ ತೊಟ್ಟಿನಿಂದ ತುದಿಗೆ ಬೆರಳು ಎಳೆದಷ್ಟು ನಯವಾಗಿರಲಿ. ಪ್ರತಿ ಕಿವಿಗೆ ಐದಾರು ಸಲ, ಒಂದೊಂದು ಸಲ ಸ್ವಲ್ಪ ಬೇರೆ ಗೆರೆಯಲ್ಲಿ. ಕಿವಿಯ ತುದಿ ತಣ್ಣಗಿದ್ದು ನಿಧಾನ ಬೆಚ್ಚಗಾಗುವುದು ಬೆರಳಿಗೆ ಗೊತ್ತಾಗುತ್ತದೆ. ಕೆಟ್ಟ ವಾಸನೆ, ಕಂದು ಕೊಳೆ, ತಲೆ ಕೊಡವುವುದು ಇದ್ದರೆ ಕಿವಿ ಮುಟ್ಟದೆ ವೈದ್ಯರಿಗೆ ತೋರಿಸಿ.

ಎದೆಯ ಮೇಲೆ ಮುಂಗಾಲುಗಳ ನಡುವೆ ಅಂಗೈ ಇಟ್ಟು ನಿಧಾನ ದೊಡ್ಡ ಸುತ್ತು, ಐದಾರು. ಹಿಂದೊಡೆಗೆ ಸುತ್ತು ಬೇಡ: ಅಂಗೈಯಿಂದ ಮೂರು ಸೆಕೆಂಡು ಒತ್ತಿ, ಮೂರು ಸೆಕೆಂಡಿನಲ್ಲಿ ಬಿಡಿ, ಬಿಡುವುದೂ ಒತ್ತಿದಷ್ಟೇ ನಿಧಾನ. ಪಂಜ ಹೆಚ್ಚಿನ ನಾಯಿಗಳಿಗೆ ಇಷ್ಟವಿಲ್ಲ, ಬಿಟ್ಟುಬಿಡಿ. ಕೊನೆಗೆ ಮತ್ತೆ ಮೂರು ಉದ್ದ ನೀವು, ಅಂಗೈ ಭುಜದ ಮೇಲೆ ಐದು ಉಸಿರಿನಷ್ಟು ಹೊತ್ತು, ನಂತರ ಕೈ ತೆಗೆಯಿರಿ. ಮಲಗಿದ್ದರೆ ಎಬ್ಬಿಸದೆ ನೀವೇ ಎದ್ದು ಹೋಗಿ.

ಗಂಟಲಿನ ಮುಂಭಾಗ, ಬೆನ್ನೆಲುಬಿನ ಎಲುಬು, ಹೊಟ್ಟೆ, ಕಂಕುಳು, ತೊಡೆಸಂದು, ಕೀಲುಗಳು, ಇಲ್ಲಿ ಒತ್ತಬಾರದು. ಬಾಲ ಎಳೆಯಬಾರದು. ಮುಧೋಳ ನಾಯಿಗೆ ಚರ್ಮ ತೆಳು, ಕೊಬ್ಬು ಕಡಿಮೆ, ಎಲುಬಿಗೆ ಬೇಗ ನೋವಾಗುತ್ತದೆ. ಕೌದಿ ಎರಡು ಮಡಿಕೆ ಹಾಸಿ ಒತ್ತಡ ಅರ್ಧ ಮಾಡಿ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಸಾಕಿದವರು ಸೊಂಟದ ಎಕ್ಸ್-ರೇ ಆಗದೆ ಹಿಂಭಾಗವನ್ನು ಒತ್ತಬೇಡಿ.

ಮೊದಲ ವಾರ ದಿನಕ್ಕೆ ಮೂರು ನಿಮಿಷ, ಎರಡನೆಯ ವಾರ ಐದು, ಆಮೇಲೆ ಹತ್ತು. ಹದಿನೈದು ದಾಟುವ ಅಗತ್ಯವಿಲ್ಲ. ಶುರು ಮಾಡುವ ಮುಂಚೆ ಎದೆ ಏರುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬರೆದಿಡಿ, ಮುಗಿದ ಮೇಲೂ ಬರೆಯಿರಿ. ತಂಪು ಹೊತ್ತಿನಲ್ಲಿ ಮಲಗಿದ ನಾಯಿ ನಿಮಿಷಕ್ಕೆ 10ರಿಂದ 30 ಉಸಿರಾಡುತ್ತದೆ. ಮುಗಿದ ಮೇಲಿನ ಅಂಕಿ ದಿನವೂ ಏರುತ್ತಿದ್ದರೆ ನಿಮ್ಮ ಕೈ ಅವಸರದ್ದು, ಇಲ್ಲವೇ ಎಲ್ಲೋ ನೋವಿದೆ.

ಈ ದಿನನಿತ್ಯದ ಕೈಯಾಟದಲ್ಲಿ ಇನ್ನೊಂದು ಲಾಭವಿದೆ. ಉಣ್ಣೆ ಮೊದಲು ಸಿಗುವುದು ಬೆರಳಿಗೆ: ಕಿವಿಯ ಅಂಚು, ಕುತ್ತಿಗೆ, ಬೆರಳಸಂದಿನಲ್ಲಿ ನೋಡಿ. ಸೀಮೆಎಣ್ಣೆ ಸುರಿಯದೆ ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಉಣ್ಣೆಯ ಜೊತೆ ಜ್ವರ, ಮಂಕು, ಊಟ ಬಿಡುವುದು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆಜ್ವರವಿರಬಹುದು, ಅಂದೇ ಆಸ್ಪತ್ರೆಗೆ ಒಯ್ಯಿರಿ.

ಸಪ್ಪಳದ ದಿನ

ಮುಗಿಲು ಕಟ್ಟುತ್ತಿದ್ದಂತೆ, ಮೊದಲ ಗುಡುಗಿಗೆ ಮುಂಚೆಯೇ, ಕೌದಿಯನ್ನು ಪಲಂಗದ ಕೆಳಗೆ ಅಥವಾ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಹಾಸಿ. ನೀರಿಡಿ, ಕೂಲರ್ ಇಲ್ಲವೇ ಫ್ಯಾನಿನ ಸಪ್ಪಳ ಇರಲಿ, ಮಿಂಚು ಕಾಣದಂತೆ ಪರದೆ ಎಳೆಯಿರಿ. ನಾಯಿ ತಾನೇ ಆರಿಸಿದ ಜಾಗ ಅದಕ್ಕೆ ಕೋಟೆ. ಎಳೆಯುವುದು, ಕೈ ತೂರಿಸಿ ತಡಕುವುದು ಬೇಡ. ನೀವು ಹೊರಗೆ ನೆಲದ ಮೇಲೆ ಕೂತು ಅಂಗೈ ಮೇಲಾಗಿ ಕೌದಿಯ ಅಂಚಿನಲ್ಲಿ ಇಡಿ. ಬಂದು ಮೂಗು ತಾಗಿಸಿದರೆ ಸುಮ್ಮನಿರುವ ಕೈ, ಆಮೇಲೆ ಕಿವಿ, ಆಮೇಲೆ ಉದ್ದ ನೀವು, ಇದೇ ಕ್ರಮ. ಸುತ್ತು, ಒತ್ತು ಇವತ್ತು ಬೇಡ. ಬರದಿದ್ದರೆ ಪಕ್ಕದಲ್ಲಿದ್ದರೂ ಸಾಕು. ತಿಂಡಿ ಹಿಡಿದು ನೋಡಿ: ತಿಂದರೆ ಅಂಜಿಕೆ ಇನ್ನೂ ಕೈಮೀರಿಲ್ಲ, ಮಾಲೀಶ್ ನಾಟುತ್ತದೆ. ಮೂಸಿಯೂ ನೋಡದಿದ್ದರೆ ಮುಟ್ಟುವ ಆಸೆ ಬಿಡಿ. ಆ ಹೊತ್ತಿನಲ್ಲಿ ಮುಖದ ಹತ್ತಿರ ಕೈ, ಮೋರೆ ಒಯ್ದವರಿಗೇ ಕಡಿತವಾಗುವುದು. ಕಚ್ಚಿದರೆ, ಪರಚಿದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಮನೆನಾಯಿಗೂ ರೇಬೀಸ್ ಲಸಿಕೆ ತಪ್ಪಬಾರದು.

ದೀಪಾವಳಿಗೆ ಪಟಾಕಿಯ ಸಮಯವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ರಾತ್ರಿ 8ರಿಂದ 10ಕ್ಕೆ ಸೀಮಿತಗೊಳಿಸಿತು. ಓಣಿಯಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ ಎಂದಿಟ್ಟುಕೊಂಡು ಸಂಜೆ ಐದಕ್ಕೇ ಅಡ್ಡಾಡಿಸಿ, ಐದೂವರೆಗೆ ಊಟ, ಏಳೂವರೆಗೆ ಕೌದಿ. ಹೊರಬಾಗಿಲಿಗೆ ಚಿಲಕ ಹಾಕಿರಲಿ, ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ.

ಹಬ್ಬಕ್ಕೆ ಆರೆಂಟು ವಾರ ಮುಂಚೆ ಸಪ್ಪಳದ ಅಭ್ಯಾಸವನ್ನೂ ಶುರು ಮಾಡಿ. ಮೊಬೈಲಿನಲ್ಲಿ ಪಟಾಕಿಯ ಧ್ವನಿಮುದ್ರಣವನ್ನು ನಿಮಗೆ ಕೇಳಿಯೂ ಕೇಳದಷ್ಟು ಸಣ್ಣದಾಗಿಡಿ. ನಮಗೆ 20,000 ಹರ್ಟ್ಜ್ ಮೇಲೆ ಕೇಳಿಸದು, ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ನಿಮ್ಮ ಕಿವಿಯನ್ನೇ ಅಳತೆ ಮಾಡಿಕೊಳ್ಳಬೇಡಿ, ಅದರ ಕಿವಿ ನೋಡಿ. ಕಿವಿ ಒಮ್ಮೆ ತಿರುಗಿ ಮತ್ತೆ ಸಡಿಲಾದರೆ ಸರಿ. ಅದೇ ಮಟ್ಟದಲ್ಲಿ ಎರಡು-ಮೂರು ನಿಮಿಷ ತಿಂಡಿ ಕೊಡುತ್ತ ನೀವಿ. ಮೂರು ದಿನ ನೆಮ್ಮದಿಯಿಂದ ಕಳೆದರೆ ಒಂದೇ ಗೆರೆ ಏರಿಸಿ. ತಿಂಡಿ ಬಿಟ್ಟರೆ ಎರಡು ಗೆರೆ ಇಳಿಸಿ. ಒಂದೇ ದಿನ ಜೋರು ಮಾಡಿ 'ರೂಢಿಯಾಗಲಿ' ಎಂದು ಬಿಡುವುದರಿಂದ ಕೆಡುವ ನಾಯಿಗಳೇ ಹೆಚ್ಚು. ಗುಡುಗಿಗೂ ವಿಮಾನಕ್ಕೂ ಈ ಉಪಾಯ ಅಷ್ಟು ಫಲಿಸದು. ಆ ತಗ್ಗಿನ ಮೊಳಗನ್ನು, ನೆಲದ ಅದುರನ್ನು ಮೊಬೈಲಿನ ಸ್ಪೀಕರ್ ಹೊರಡಿಸಲಾರದು. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇರುವುದರಿಂದ ನಿಮಗೆ ನಿಜವಾದ ಸಪ್ಪಳವೇ ಸಿಗುತ್ತದೆ: ವಿಮಾನ ದೂರದಲ್ಲಿ ಮೊಳಗಿದ ಕೂಡಲೇ, ಮೋತಿ ಓಡುವ ಮುನ್ನ, ಬೇಯಿಸಿದ ಕೋಳಿಯ ಒಂದು ಚೂರು ನೆಲಕ್ಕೆ ಹಾಕಿ. ಮೊದಲು ಸಪ್ಪಳ, ಆಮೇಲೆ ತಿಂಡಿ. ಕ್ರಮ ತಿರುವುಮುರುವಾದರೆ ತಿಂಡಿ ಕಂಡರೇ ಅಂಜಲು ಕಲಿಯುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ್ದು ಕೊಡಬೇಡಿ.

ಎರಡು ತಾಸು ಹೊರಗೆ ಬಾರದೆ ನಡುಗುವುದು, ತೇಕುವುದು ಎಂದರೆ ಮೋತಿಯ ಅಂಜಿಕೆ ಸಣ್ಣದಲ್ಲ. ಔಷಧಿಯ ಬಗ್ಗೆ ವೈದ್ಯರ ಜೊತೆ ಮಾತಾಡಿ. ಟ್ರಾಜೋಡೋನ್, ಗ್ಯಾಬಪೆಂಟಿನ್, ಆಲ್‌ಪ್ರಜೋಲಾಮ್ ಇಂಥವನ್ನು ತೂಕ, ಆರೋಗ್ಯ ನೋಡಿ ಅವರು ಬರೆದುಕೊಡುತ್ತಾರೆ. ಸಪ್ಪಳಕ್ಕೆ ಮುಂಚೆ ಕೊಟ್ಟರೇ ಗುಣ, ಹಬ್ಬಕ್ಕೆ ಮೊದಲು ಒಂದು ಸಾಧಾರಣ ದಿನ ಪರೀಕ್ಷಿಸಿಯೂ ನೋಡಬೇಕು. ಮನೆಯವರ ನಿದ್ದೆಗುಳಿಗೆ ಮುರಿದು ಕೊಡುವಂತಿಲ್ಲ. ಏಸ್‌ಪ್ರೊಮಾಜಿನ್ ಎಂಬ ಮಂಪರಿನ ಔಷಧಿಯೊಂದನ್ನೇ ಕೊಡುವುದು ಸಲ್ಲದು. ಕೈಕಾಲು ಆಡದಂತಾಗುತ್ತದೆ, ಒಳಗಿನ ಅಂಜಿಕೆ ಹಾಗೇ ಉಳಿಯುತ್ತದೆ, ಸಪ್ಪಳ ಇನ್ನಷ್ಟು ತಿವಿಯಬಹುದು. ಔಷಧಿ ಕೊಟ್ಟರೆ ಮಾಲೀಶ್ ವ್ಯರ್ಥವೇ ಎಂದು ಕೇಳುವವರಿದ್ದಾರೆ. ಅಂಜಿಕೆ ಒಂದು ಮಟ್ಟಕ್ಕೆ ಇಳಿದ ನಾಯಿಗೇ ನಿಮ್ಮ ಕೈ ನಾಟುವುದು. ಎರಡೂ ಜೊತೆಗೆ ಹೋಗಲಿ.

ಮಗಳ ವಿಷಯ. ನೀವು ಒಂದು ತಿಂಗಳು ಮಾಡಿ ಮೋತಿ ಕೌದಿಗೆ ತಾನಾಗಿ ಬರತೊಡಗಿದ ಮೇಲೆ, ಸಪ್ಪಳವಿಲ್ಲದ ದಿನ, ನೀವು ಪಕ್ಕದಲ್ಲಿ ಕೂತಿದ್ದಾಗ ಮಾಡಲಿ. ಅವಳ ಪಾಲಿಗೆ ಎರಡೇ ಕೆಲಸ: ಸುಮ್ಮನಿರುವ ಕೈ, ಬೆನ್ನಿನ ಪಕ್ಕದ ಉದ್ದ ನೀವು. ಕಿವಿ, ಮುಖ, ಹಿಂಗಾಲು ನಿಮ್ಮವು. ಕೈ ತೆಗೆದು ಐದು ಎಣಿಸುವುದನ್ನು ಅವಳಿಗೆ ಗಟ್ಟಿಯಾಗಿ ಎಣಿಸಲು ಹೇಳಿ. ಮಕ್ಕಳು ಅದನ್ನು ದೊಡ್ಡವರಿಗಿಂತ ನಿಷ್ಠೆಯಿಂದ ಮಾಡುತ್ತಾರೆ. ಗುಡುಗು, ಪಟಾಕಿಯ ಹೊತ್ತಿನಲ್ಲಿ, ಮೋತಿ ಪಲಂಗದ ಕೆಳಗಿದ್ದಾಗ, ಉಣ್ಣುವಾಗ, ನಿದ್ದೆಯಲ್ಲಿದ್ದಾಗ ಅವಳು ಹತ್ತಿರ ಹೋಗಬಾರದು. ಓಣಿಯ ಬೇರೆ ನಾಯಿಗಳ ಮೇಲೆ ಈ ಪ್ರಯೋಗ ಮಾಡಬಾರದೆಂದು ಮೊದಲ ದಿನವೇ ಹೇಳಿಬಿಡಿ.